ಲಾರಿಗಳ ಸದ್ದಿನಲ್ಲಿ ಒಂದು ರಸ್ತೆ ದಾಟಿದ್ದು

ಆಟ ಶುರುವಾಗಿ ನಾಲ್ಕು ನಿಮಿಷವೂ ಆಗಿರಲಿಲ್ಲ, ಅವರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ಇದು ಯಾವೂರ್ರಿ ಮೇಡಂ?"

"ಹಂಪಿ ಬಜಾರ್. ಆಗಲೇ ಹೇಳಿದ್ನಲ್ಲ," ಎಂದೆ.

"ಹಂಪಿ ಅಲ್ರಿ ಇದು. ಯಾವ್ದೋ ದೊಡ್ಡ ಗೋಡಾನ್ ಇದ್ದಂಗೈತಿ."

ನನಗೆ ಒಳಗೊಳಗೇ ಸಿಟ್ಟು ಬಂತು. ಸಿನಿಮಾ ಮತ್ತು ವಿಡಿಯೋ ಗೇಮ್‌ಗಳಲ್ಲಿ ಶಬ್ದ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಹನ್ನೊಂದು ವರ್ಷ ಪಾಠ ಮಾಡಿದವಳು ನಾನು. ಪರದೆಯ ಮೇಲೆ ಏನೂ ಕಾಣದ, ಕಿವಿಯಿಂದಷ್ಟೇ ಆಡುವ ಒಂದು ಆಟವನ್ನು ಅಂಧ ಮಕ್ಕಳಿಗಾಗಿ ತಯಾರಿಸುತ್ತಿದ್ದೆ. ಆಡುವವರು ಕೀಲಿಗಳನ್ನು ಒತ್ತುತ್ತ ಹಂಪಿ ಬಜಾರಿನ ಒಂದು ತುದಿಯಿಂದ ವಿರೂಪಾಕ್ಷ ಗುಡಿಯ ಬಾಗಿಲವರೆಗೆ ನಡೆಯಬೇಕು. ಎಡಬಲದ ಶಬ್ದ ಕೇಳಿಕೊಂಡೇ ದಾರಿ ಹಿಡಿಯಬೇಕು. ಎರಡು ತಿಂಗಳಲ್ಲಿ ಅದನ್ನು ವಿಶ್ವವಿದ್ಯಾಲಯದ ಸಮಿತಿಗೆ ತೋರಿಸಬೇಕಿತ್ತು. ಅದಕ್ಕೂ ಮೊದಲು ಕಣ್ಣು ಕಾಣದ ಒಬ್ಬರಿಂದ ಆಡಿಸಿ ನೋಡೋಣ ಎಂದು ಹೊಸಪೇಟೆಗೆ ಬಂದು, ಊರ ಪಕ್ಕದ ಟಿ.ಬಿ. ಡ್ಯಾಂ ಬಡಾವಣೆಯಲ್ಲಿ ಒಂದು ಕೋಣೆ ಹಿಡಿದಿದ್ದೆ.

ಈಗ ನನ್ನೆದುರು ಕೂತಿದ್ದವರು ಬಸ್ ನಿಲ್ದಾಣದ ಹತ್ತಿರ ಎಸ್.ಟಿ.ಡಿ. ಬೂತ್ ನಡೆಸುತ್ತಿದ್ದರು. ನಲವತ್ತೈದರ ಆಸುಪಾಸು. ಏಳನೇ ವಯಸ್ಸಿಗೆ ಸಿಡುಬಿನಲ್ಲಿ ಕಣ್ಣು ಹೋಗಿತ್ತು. ಹುಟ್ಟಿ ಬೆಳೆದದ್ದು ಹಂಪಿ ಬಜಾರಿನ ಒಂದು ಕಲ್ಲುಮಂಟಪದಲ್ಲಿ. ಅವರ ತಾಯಿ ಅಲ್ಲಿ ಚಹಾ, ಮಿರ್ಚಿ ಮಾರುತ್ತಿದ್ದರಂತೆ. ಆಟ ಪರೀಕ್ಷಿಸಲು ಇವರಿಗಿಂತ ಯೋಗ್ಯರು ಸಿಗಲಾರರು ಎಂದು ಬಂದಿದ್ದ ನನಗೆ ಅವರ ಯೋಗ್ಯತೆಯೇ ಈಗ ತೊಂದರೆಯಾಗಿತ್ತು.

"ತಪ್ಪು ಎಲ್ಲಿದೆ ಹೇಳಿ," ಎಂದೆ.

"ಬಜಾರದಾಗ ಮ್ಯಾಲೆ ಆಕಾಶ ಐತ್ರಿ. ದನಿ ಮ್ಯಾಲೆ ಹೋಗಿಬಿಡ್ತೈತಿ, ಬಾಜೂಕ ಅಷ್ಟ ತಿರುಗಿ ಬರ್ತೈತಿ. ಕಂಬ ಬಂದ್ರ ಕಿವಿ ಹತ್ರ ಯಾರೋ ನಿಂತಂಗ. ಸಂದಿ ಬಂದ್ರ ಅವ್ರು ಎದ್ದು ಹೋದಂಗ. ನಿಮ್ಮ ಆಟದಾಗ ಯಾರೂ ನಿಲ್ಲಂಗಿಲ್ಲ, ಯಾರೂ ಏಳಂಗಿಲ್ಲ."

ಅವರು ಹೇಳಿದ್ದು ನಿಜ. ಆಟದಲ್ಲಿದ್ದ ಹೆಜ್ಜೆಗಳು ನಮ್ಮ ಸ್ಟುಡಿಯೋದಲ್ಲಿ ಮರಳು ಹರಡಿ ನಾನೇ ನಡೆದು ಧ್ವನಿಮುದ್ರಿಸಿದವು. ಪ್ರತಿಧ್ವನಿಯನ್ನು ತಂತ್ರಾಂಶದ ಜೊತೆ ಬಂದಿದ್ದ ಪಟ್ಟಿಯಿಂದ ಆರಿಸಿದ್ದೆ. ಅದು ಯಾವುದೋ ದೂರದೇಶದ ಚರ್ಚಿನದು. ಕಲ್ಲು ಎಲ್ಲಿದ್ದರೂ ಕಲ್ಲೇ ಎಂದುಕೊಂಡಿದ್ದೆ. ಹತ್ತಿರದ ಗೋಡೆ ಶಬ್ದದ ಬಣ್ಣವನ್ನು ಬದಲಿಸುತ್ತದೆ ಎಂದು ಎಷ್ಟೋ ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದ್ದೆನಾದರೂ ಅದನ್ನು ಕಿವಿಯಾರೆ ಕೇಳಿರಲಿಲ್ಲ.

ಎಲ್ಲ ಶಬ್ದವನ್ನೂ ಹೊಸದಾಗಿ ಹಂಪಿಯಲ್ಲೇ ಮುದ್ರಿಸಲು ನಿರ್ಧರಿಸಿದೆ. ಬಜಾರಿನ ನಡುವೆ ಮೈಕ್ ನಿಲ್ಲಿಸಿ ಎರಡು ದಿನ ಬೆಳಗಿನ ಜಾವದಿಂದ ಕೆಲಸ ಮಾಡಿದೆ. ಕೋಣೆಗೆ ಬಂದು ಕೇಳಿದರೆ ಎಲ್ಲದರ ಅಡಿಯಲ್ಲೂ ಒಂದು ಗುಡುಗು. ದೂರದ ರಸ್ತೆಯಲ್ಲಿ ಹೋಗುವ ಅದಿರಿನ ಲಾರಿಗಳು. ಅಲ್ಲಿದ್ದಾಗ ನನ್ನ ಕಿವಿ ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ, ಮೈಕ್ ಮಾತ್ರ ಬಿಟ್ಟಿರಲಿಲ್ಲ. ಆ ಗುಡುಗಿರುವ ಕೆಳಸ್ವರಗಳನ್ನೆಲ್ಲ ಕತ್ತರಿಸಿ ತೆಗೆದೆ. ಬೂತಿನವರು ಕೇಳಿ ತಲೆಯಾಡಿಸಿದರು. "ಲಾರಿ ಹೋತ್ರಿ. ಅದರ ಕೂಡ ಕಂಬಾನೂ ಹೋದ್ವು."

ಸಂಡೂರಿನ ಗುಡ್ಡದ ಕಡೆ ಒಂದು ಹಳೆಯ ಕಲ್ಲುಮಂಟಪವಿದೆ, ಅಲ್ಲಿ ಗದ್ದಲವಿಲ್ಲ ಎಂದು ಯಾರೋ ಹೇಳಿದರು. ಆಟೋ ಮಾಡಿಕೊಂಡು ಹೋದೆ. ದಾರಿಯುದ್ದಕ್ಕೂ ಲಾರಿಗಳ ಸಾಲು. ಮರದ ಎಲೆ, ಮನೆಯ ಹಂಚು, ಎಮ್ಮೆಯ ಬೆನ್ನು ಎಲ್ಲಕ್ಕೂ ಒಂದೇ ಕೆಂಪು ಬಣ್ಣ. ಮಂಟಪ ತಲುಪಿ ಚೀಲ ಬಿಚ್ಚಿದರೆ, ಧ್ವನಿಮುದ್ರಣ ಯಂತ್ರದ ಟೇಪಿನ ಬಾಗಿಲೊಳಗೂ ಕುಂಕುಮದಷ್ಟು ನುಣ್ಣನೆಯ ಧೂಳು. ಯಂತ್ರ ಒಮ್ಮೆ ಕಿರುಗುಟ್ಟಿ ನಿಂತುಹೋಯಿತು. ಬೆಂಗಳೂರಿನಿಂದ ಇನ್ನೊಂದನ್ನು ತರಿಸಿಕೊಳ್ಳುವಷ್ಟರಲ್ಲಿ ಒಂದು ವಾರ ಹೋಯಿತು.

ಹೊಸ ಯಂತ್ರದ ಜೊತೆ ನಮ್ಮ ವಿಭಾಗದ ಕಪಾಟಿನಲ್ಲಿ ಬಿದ್ದಿದ್ದ ಒಂದು ಜೊತೆ ಪುಟ್ಟ ಮೈಕ್‌ಗಳನ್ನೂ ತರಿಸಿದ್ದೆ. ಕಡಲೆಕಾಳಿನಷ್ಟು ಗಾತ್ರ. ಕಿವಿಯ ಬಾಯಲ್ಲಿ ಕೂರಿಸಿದರೆ, ಆ ಮನುಷ್ಯನ ತಲೆ, ಹೆಗಲು, ಕಿವಿಯ ಮಡಿಕೆಗಳನ್ನು ಹಾದು ಬಂದ ಶಬ್ದವೇ ಸಿಗುತ್ತದೆ. ಅವನ್ನು ಬೂತಿನವರ ಕಿವಿಗಿಟ್ಟು ಹಂಪಿ ಬಜಾರಿನಲ್ಲಿ ನಡೆಯಲು ಹೇಳಿದೆ. ಅವರು ಕೋಲು ತಟ್ಟುತ್ತ ಮಂಟಪಗಳ ಪಕ್ಕದಲ್ಲೇ ಈ ತುದಿಯಿಂದ ಆ ತುದಿಗೆ ಹೋದರು. ಅಂದು ಸಂಜೆ ಕೋಣೆಯಲ್ಲಿ ಕಣ್ಣು ಮುಚ್ಚಿ ಕೇಳಿದೆ. ಲಾರಿಯ ಗುಡುಗು ಇತ್ತು, ಆದರೆ ಅದು ದೂರದಲ್ಲಿ, ಎಡಗಡೆ, ತನ್ನ ಜಾಗದಲ್ಲಿತ್ತು. ಬಲಗಡೆ ಯಾರೋ ಬಂದು ನಿಂತರು, ಎದ್ದು ಹೋದರು, ಮತ್ತೆ ನಿಂತರು. ನನಗೆ ಮೊದಲ ಬಾರಿಗೆ ಕಂಬ ಕೇಳಿಸಿತು.

ಆ ಉತ್ಸಾಹದಲ್ಲಿ, "ನಿಮ್ಮ ಮನೆಯಿಂದ ಬೂತಿಗೆ ಬರುವ ದಾರಿಯನ್ನೂ ಒಮ್ಮೆ ಹೀಗೇ ನಡೆದುಬಿಡಿ, ಹೋಲಿಸಿ ನೋಡೋಣ," ಎಂದೆ. ಅವರು ನಾಳೆ ಎಂದರು. ಮರುದಿನ ಇನ್ನೊಂದು ನೆಪ ಹೇಳಿದರು. ಮೂರನೇ ದಿನ ನಾನೇ ಬೆಳಗ್ಗೆ ಬೇಗ ಬೂತಿನ ಮುಂದೆ ನಿಂತೆ. ರಸ್ತೆಯ ಆಚೆ ದಡದಲ್ಲಿ ಅವರು ಹೆಂಡತಿಯ ಜೊತೆ ನಿಂತಿದ್ದರು. ಆಕೆ ಒಂದು ಕೈಯಲ್ಲಿ ಅವರ ತೋಳು ಹಿಡಿದು, ಇನ್ನೊಂದು ಕೈಯನ್ನು ಲಾರಿಗಳಿಗೆ ಅಡ್ಡ ಚಾಚಿ, ಕೊನೆಗೆ ಅವರನ್ನು ಎಳೆದುಕೊಂಡೇ ಓಡಿ ಬಂದರು. ಬೂತಿನವರು ತಲೆ ತಗ್ಗಿಸಿದ್ದರು. ನನ್ನ ದನಿ ಕೇಳಿ ಮುಖ ಇನ್ನೂ ಸಣ್ಣದಾಯಿತು.

ಹೆಂಡತಿ ಹೋದ ಮೇಲೆ ಹೇಳಿದರು: "ಮೊದ್ಲು ನಾ ಒಬ್ನ ಬರ್ತಿದ್ನಿ ಮೇಡಂ. ಸೈಕಲ್ ಯಾವ್ದು, ಟಾಂಗಾ ಯಾವ್ದು, ಗುಂಡಿ ಎಲ್ಲೈತಿ, ಎಲ್ಲಾ ತಿಳಿತಿತ್ತು. ಈಗ ಎರಡು ವರ್ಷಾತು, ಬರೇ ಲಾರಿ. ಲಾರಿ ಮುಂದ ಏನೂ ಕೇಳಂಗಿಲ್ಲ. ಖರೇ ಹೇಳ್ಬೇಕಂದ್ರ ನನ್ನ ಕಣ್ಣು ಹೋದದ್ದು ಸಣ್ಣಾಂವ ಇದ್ದಾಗ ಅಲ್ರಿ. ಈ ಲಾರಿ ಬಂದ ಮ್ಯಾಲ."

ಒಂದು ದೊಡ್ಡ ಶಬ್ದ ಸಣ್ಣ ಶಬ್ದಗಳನ್ನು ಮರೆಮಾಡುವುದರ ಬಗ್ಗೆ ನಾನು ಇಡೀ ಒಂದು ಪಾಠ ಮಾಡುತ್ತಿದ್ದೆ. ಸಿನಿಮಾದಲ್ಲಿ ಸಂಗೀತದಡಿ ಮಾತು ಮುಳುಗದಂತೆ ಏನು ಮಾಡಬೇಕು ಎಂಬುದೇ ಅದರ ಉದಾಹರಣೆ. ಅಂದು ಅವರ ಬೂತಿನ ಸ್ಟೂಲಿನ ಮೇಲೆ ಕೂತಿದ್ದಾಗ ಆ ಪಾಠ ನನಗೆ ಬಹಳ ಸಣ್ಣದಾಗಿ ಕಂಡಿತು. ನಾನು ಬಂದಾಗಿನಿಂದ ಲಾರಿಯನ್ನು ಅಳಿಸಲು ಒದ್ದಾಡುತ್ತಿದ್ದೆ. ಅವರಿಗೆ ಅದನ್ನು ಅಳಿಸಿಕೊಳ್ಳುವ ದಾರಿಯಿರಲಿಲ್ಲ.

ಮರುದಿನ ಅದೇ ಬೂತಿನಿಂದ ನಮ್ಮ ವಿಭಾಗದ ಮುಖ್ಯಸ್ಥರಿಗೆ ಫೋನ್ ಮಾಡಿ, ಹಂಪಿಯ ಆಟಕ್ಕೆ ಇನ್ನಷ್ಟು ಸಮಯ ಬೇಕು, ಮೊದಲು ಇಲ್ಲಿಯ ಒಂದು ರಸ್ತೆಯ ಮೇಲೆ ಕೆಲಸ ಮಾಡುತ್ತೇನೆ ಎಂದೆ.

"ಸಮಿತಿಗೆ ಬೇಕಾಗಿರೋದು ಹಂಪಿ. ಹೊಸಪೇಟೆ ಟ್ರಾಫಿಕ್ ಅಲ್ಲ," ಎಂದರು ಅವರು. ದನಿಯಲ್ಲಿ ಕೋಪವಿರಲಿಲ್ಲ, ಕಾಳಜಿಯೇ ಇತ್ತು. "ನಿಮ್ಮ ಬಡ್ತಿ ಇದರ ಮೇಲೆ ನಿಂತಿದೆ. ಯೋಚನೆ ಮಾಡಿ."

ಯೋಚನೆ ಮಾಡಿದ್ದೇನೆ ಎಂದು ಫೋನ್ ಇಟ್ಟೆ. ಪೂರ್ತಿ ಮಾಡಿರಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡಿದ್ದ ಬೂತಿನವರು, "ನನ್ನ ಸಲುವಾಗಿ ನಿಮ್ಮ ಕೆಲ್ಸ ಕೆಡಿಸ್ಕೋಬ್ಯಾಡ್ರಿ," ಎಂದರು. ಅದರ ಫಲವನ್ನು ಇಲ್ಲೇ ಹೇಳಿಬಿಡುತ್ತೇನೆ: ಸಮಿತಿಗೆ ನಾನು ಅರ್ಧ ಮುಗಿದ ಆಟ ತೋರಿಸಿದೆ, ಆ ವರ್ಷ ಬಡ್ತಿ ಬರಲಿಲ್ಲ, ಯೋಜನೆ ಒಬ್ಬ ಸಹೋದ್ಯೋಗಿಯ ಕೈಗೆ ಹೋಯಿತು. ಬೂತಿನವರ ಕಿವಿಯಿಂದ ಮುದ್ರಿಸಿದ ಶಬ್ದಗಳನ್ನೇ ಬಳಸಿ ಆತ ಅದನ್ನು ಚೆನ್ನಾಗಿಯೇ ಮುಗಿಸಿದ.

ಇನ್ನು ರಸ್ತೆಯ ವಿಷಯ. ಅದಿರು ತುಂಬಿದ ಲಾರಿಗಳು ಸಂಡೂರಿನ ಕಡೆಯಿಂದ ರೈಲ್ವೆ ಗೇಟು ದಾಟಿ ಈ ರಸ್ತೆಗೆ ಬರುತ್ತಿದ್ದವು. ಖಾಲಿ ಲಾರಿಗಳು ಬೇರೆ ದಾರಿಯಲ್ಲಿ ಮರಳುತ್ತಿದ್ದವು. ಹಾಗಾಗಿ ರೈಲು ಬರುವಾಗ ಗೇಟು ಹಾಕಿದರೆ, ಅದಾಗಲೇ ಈಚೆ ಬಂದಿದ್ದ ಲಾರಿಗಳು ಹೋದ ಮೇಲೆ ರಸ್ತೆ ಸ್ವಲ್ಪ ಹೊತ್ತು ಬರಿದಾಗುತ್ತಿತ್ತು. ಕಣ್ಣಿದ್ದವರಿಗೆ ಇದು ತಾನಾಗಿ ತಿಳಿಯುತ್ತದೆ. ಬೂತಿನವರಿಗೆ ಎರಡು ಲಾರಿಗಳ ನಡುವಿನ ಗಳಿಗೆಯ ಮೌನಕ್ಕೂ ಈ ಬಿಡುವಿನ ಮೌನಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಗೇಟು ಇಳಿಯುವಾಗ ಒಂದು ಗಂಟೆ ಬಾರಿಸುತ್ತಿತ್ತು. ಅದು ಕೇಳಿಸಿದರೆ ಸಾಕಿತ್ತು, ಆದರೆ ಲಾರಿಗಳ ಸದ್ದಿನಲ್ಲಿ ಅದು ಹೂತುಹೋಗಿತ್ತು. ಅವರ ಕಿವಿಗೆ ಮೈಕ್ ಇಟ್ಟು, ಹೆಂಡತಿ ಪಕ್ಕದಲ್ಲಿರುವಾಗ ರಸ್ತೆಯಂಚಿನಲ್ಲಿ ಗಂಟೆಗಟ್ಟಲೆ ಮುದ್ರಿಸಿದೆವು. ಮುದ್ರಣದಲ್ಲೂ ಗಂಟೆ ಸಿಗಲಿಲ್ಲ.

ಕಂಪ್ಲಿಯಲ್ಲಿ ಅವರ ಅಕ್ಕನ ಮನೆ. ಅದಿರಿನ ಲಾರಿ ಬಾರದ ಆ ಊರಿನಲ್ಲಿ ತಾನು ಒಬ್ಬನೇ ಓಡಾಡುತ್ತೇನೆ ಎನ್ನುತ್ತಿದ್ದರು. ಒಂದು ಭಾನುವಾರ ಬಸ್ಸಿನಲ್ಲಿ ಇಬ್ಬರೂ ಹೋದೆವು. ಬಸ್ಸಿನಿಂದ ಇಳಿದದ್ದೇ ತಡ, ಅವರು ಬೇರೆ ಮನುಷ್ಯನಾದರು. ಬಲಕ್ಕೆ ಅಕ್ಕಿ ಗಿರಣಿ, ಎಡಕ್ಕೆ ಕಾಲುವೆಯ ನೀರು, ಅವೆರಡರ ನಡುವೆ ಅವರು ನಡೆದ ವೇಗಕ್ಕೆ ಯಂತ್ರದ ಚೀಲ ಹೊತ್ತ ನಾನು ಓಡಬೇಕಾಯಿತು. ಅವರ ಹಿಂದೆ ಓಡುತ್ತಲೇ ನಾನೊಂದು ಗಮನಿಸಿದೆ. ಅವರ ತಲೆ ಒಂದು ಗಳಿಗೆಯೂ ಸುಮ್ಮನಿರಲಿಲ್ಲ. ಎಡಕ್ಕೆ, ಬಲಕ್ಕೆ, ಮತ್ತೆ ಬಲಕ್ಕೆ, ಕೋಳಿ ಕಾಳು ಹುಡುಕುವಾಗ ತಿರುಗಿಸುವಂತೆ. ಹೊಸಪೇಟೆಯಲ್ಲಿ ಹೆಂಡತಿಯ ಕೈಯಲ್ಲಿ ತೋಳು ಕೊಟ್ಟು ನಿಂತಾಗ ಆ ತಲೆ ಗೂಟ ಹೊಡೆದಂತೆ ರಸ್ತೆಗೆ ನೇರವಾಗಿರುತ್ತಿತ್ತು.

ಕೋಣೆಗೆ ಬಂದು ಹಳೆಯ ಮುದ್ರಣಗಳನ್ನೆಲ್ಲ ಮತ್ತೆ ಕೇಳಿದೆ. ಒಂದು ಕಡೆ ಅವರು ನನ್ನ ಜೊತೆ ಮಾತಾಡಲು ಮುಖ ತಿರುಗಿಸಿದ್ದರು. ಅಲ್ಲಿ, ಬಲಗಿವಿಯಲ್ಲಿ ಮಾತ್ರ, ಸೂಜಿಯಷ್ಟು ತೆಳ್ಳಗೆ ಗಂಟೆ ಕೇಳಿಸುತ್ತಿತ್ತು. ಒಂದು ಕಿವಿ ರಸ್ತೆಗೆ, ಇನ್ನೊಂದು ಗೇಟಿಗೆ ಬರುವಂತೆ ಅಡ್ಡ ತಿರುಗಿ ನಿಂತರೆ ಅವರ ತಲೆಯೇ ಲಾರಿಯ ಸದ್ದಿಗೆ ಅಷ್ಟಿಷ್ಟು ಮರೆಯಾಗಿ, ಗೇಟಿನ ಕಡೆಯ ಕಿವಿ ಬಿಡುವಾಗುತ್ತಿತ್ತು. ಎರಡು ಕಿವಿ ಇರುವುದೇ ಇದಕ್ಕೆ ಎಂದು ನನ್ನ ಪುಸ್ತಕಗಳಲ್ಲಿ ಇತ್ತು. ನನಗೆ ಆ ವಿದ್ಯೆ ಅಕ್ಷರದಲ್ಲಿತ್ತು, ಅವರಿಗೆ ಕತ್ತಿನಲ್ಲಿತ್ತು. ಹೆದರಿಕೆ ಅದನ್ನು ಬಿಗಿದುಬಿಟ್ಟಿತ್ತು.

ಆಮೇಲೆ ಎರಡು ವಾರ ಬೇರೊಂದು ಆಟ ಕಟ್ಟಿದೆ. ಹೆಡ್‌ಫೋನಿನಲ್ಲಿ ಅದೇ ರಸ್ತೆ, ಅದೇ ಜಾಗ, ಆದರೆ ಅವರನ್ನು ಅಡ್ಡ ನಿಲ್ಲಿಸಿ ಹೊಸದಾಗಿ ಮುದ್ರಿಸಿದ್ದು. ಗಂಟೆ ಕೇಳಿಸಿದ ತಕ್ಷಣ ಒಂದು ಕೀಲಿ, ಕೊನೆಯ ಲಾರಿ ದಾಟಿ ಹೋದಾಗ ಇನ್ನೊಂದು ಕೀಲಿ ಒತ್ತಬೇಕು. ಮೊದಲ ದಿನ ಲಾರಿಯ ಸದ್ದು ಅರ್ಧಕ್ಕಿಂತ ಕಡಿಮೆ. ದಿನದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸಿದೆ. ಫೋನ್ ಮಾಡುವವರು ಇಲ್ಲದಾಗೆಲ್ಲ ಅವರು ಬೂತಿನಲ್ಲಿ ಕೂತು ಆಡುತ್ತಿದ್ದರು. ಹನ್ನೆರಡನೇ ದಿನ ಪೂರ್ತಿ ಸದ್ದಿನಲ್ಲೂ ಒಂದೂ ತಪ್ಪಲಿಲ್ಲ.

"ಇನ್ನ ರಸ್ತೇನ ದಾಟ್ತೀನ್ರಿ," ಎಂದರು.

ಸುದ್ದಿ ಕೇಳಿದ ಹೆಂಡತಿ ಅಂದು ಮಧ್ಯಾಹ್ನ ಬೂತಿಗೆ ಬಂದು ನನ್ನೆದುರು ನಿಂತರು. ಗದರಲಿಲ್ಲ. "ಅಕ್ಕಾರ, ನೀವು ಓದಿದೋರು. ನಿಮ್ಮ ಮಿಷಿನ್ಯಾಗ ತಪ್ಪಾದ್ರ ಅಳಿಸಿ ಮತ್ತ ಮಾಡ್ತೀರಿ. ಇವ್ರನ್ನ ನಾ ಎಲ್ಲಿಂದ ಮತ್ತ ತರ್ಲಿ?"

ಇಷ್ಟು ದಿನ ನಾನು ಅದನ್ನು ಯೋಚಿಸಿರಲಿಲ್ಲ ಎಂದಲ್ಲ, ಯೋಚನೆ ಬಂದಾಗೆಲ್ಲ ಯಂತ್ರದ ಕೆಲಸ ಹಚ್ಚಿಕೊಂಡಿದ್ದೆ. "ಮೊದಲು ನಾನು ದಾಟಿ ನೋಡ್ತೀನಿ," ಎಂದೆ. ಆಚೆ ದಡದಲ್ಲಿ ಅವರು ನಿಲ್ಲುತ್ತಿದ್ದ ಜಾಗಕ್ಕೆ ಹೋಗಿ ದುಪಟ್ಟಾವನ್ನು ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡೆ. ಆಕೆ ನನ್ನ ಪಕ್ಕದಲ್ಲಿ ನಿಂತರು. ಅಡ್ಡ ತಿರುಗಿದೆ. ಬಹಳ ಹೊತ್ತಿನ ಮೇಲೆ ಬಲಗಿವಿಗೆ ಗಂಟೆ ಕೇಳಿಸಿತು. ಕೊನೆಯ ಲಾರಿ ಮುಖಕ್ಕೆ ಧೂಳು ರಾಚಿ ಹೋಯಿತು. ರಸ್ತೆ ಖಾಲಿಯಾಯಿತು. ಎಲ್ಲವೂ ನನ್ನ ಲೆಕ್ಕದಂತೆಯೇ ನಡೆದಿತ್ತು. ಆದರೆ ಕಾಲು ಎತ್ತಲಾಗಲಿಲ್ಲ. ಗೇಟು ಎದ್ದು ಮತ್ತೆ ಲಾರಿಗಳು ಬರುವವರೆಗೂ ಹಾಗೇ ನಿಂತಿದ್ದೆ. ಆಮೇಲೆ ಕಣ್ಣಿನ ಬಟ್ಟೆ ಬಿಚ್ಚಿದೆ.

"ಬಿಡ್ರಿ ಅಕ್ಕಾರ," ಎಂದರು ಆಕೆ, ಮೊದಲಿಗಿಂತ ಮೆತ್ತಗೆ.

ಬೂತಿಗೆ ಮರಳಿ, ನನ್ನಿಂದ ಆಗಲಿಲ್ಲ ಎಂದು ಒಪ್ಪಿಕೊಂಡೆ. ಬೂತಿನವರು ನಗಲಿಲ್ಲ. "ನಿಮಗ ಬಟ್ಟಿ ಬಿಚ್ಚಿದ್ರ ಕಾಣ್ತೈತ್ರಿ. ನಿಮ್ಮ ಕಾಲು ಅದನ್ನ ಕಾಯ್ತಿರ್ತೈತಿ. ನನ್ನ ಕಾಲಿಗೆ ಹಂಗ ಕಾಯೋದು ಏನೂ ಇಲ್ಲ."

ಹೆಂಡತಿ ಗಂಡನಿಗೆ ಹೇಳಿದರು: "ಹದಿನೈದು ದಿನ ನಾ ತೋಳು ಹಿಡ್ಕೊಂಡ ಇರ್ತೀನಿ. ಯಾವಾಗ ದಾಟ್ಬೇಕು ಅಂತ ನೀವ ಹೇಳ್ರಿ. ಒಂದು ಸಲ ತಪ್ಪಿದ್ರೂ ಮುಗೀತು."

ಎಂಟು ದಿನ ಸರಿ ಹೋಯಿತು. ಗೇಟು ಬೀಳುವವರೆಗೆ ಕಾಯಬೇಕಾದ್ದರಿಂದ ಕೆಲವೊಮ್ಮೆ ಅರ್ಧ ಗಂಟೆಯೂ ಹಿಡಿಯುತ್ತಿತ್ತು. ಅವರು ಮನೆಯಿಂದ ಬೇಗ ಹೊರಡತೊಡಗಿದರು. ಒಂಬತ್ತನೇ ದಿನ ಅವರು, "ಈಗ," ಎಂದು ಕಾಲಿಟ್ಟರು. ಹೆಂಡತಿ ಎರಡೂ ಕೈಯಿಂದ ಹಿಂದಕ್ಕೆ ಎಳೆದರು. ಲಾರಿಯೊಂದು ಹಾರ್ನ್ ಬಾರಿಸುತ್ತ ಸರ್ರನೆ ಹೋಯಿತು. ಅವರು ಕೇಳಿದ್ದು ಗೇಟಿನ ಗಂಟೆಯಲ್ಲ, ಕುಲ್ಫಿ ಮಾರುವವನ ಗಾಡಿಯ ಗಂಟೆ. ಅದು ನನ್ನ ಆಟದಲ್ಲಿ ಇರಲೇ ಇಲ್ಲ.

ಅಲ್ಲಿಗೆ ನಿಲ್ಲಿಸೋಣ ಎಂದು ನಾನೇ ಹೇಳಿದೆ. ಬೂತಿನವರು ಮಾತ್ರ ಹೆಂಡತಿಯ ಕಡೆ ತಿರುಗಿ, "ತಪ್ಪು ನಂದು. ಅವಸರ ಮಾಡಿದ್ನಿ. ಮತ್ತ ಒಂದರಿಂದ ಎಣಿಸು," ಎಂದರು. ಆಕೆ ನನ್ನ ಮುಖ ನೋಡಿದರು. ಬೇಡ ಎನ್ನುತ್ತಾರೆ ಎಂದುಕೊಂಡೆ. "ಕುಲ್ಫಿಯವ್ನ ಗಂಟಿನೂ ಹಾಕ್ರಿ ನಿಮ್ಮ ಆಟದಾಗ," ಎಂದರು.

ಕುಲ್ಫಿ ಗಾಡಿ, ಸೈಕಲ್, ಸ್ಟೀಲ್ ಪಾತ್ರೆ ಅಂಗಡಿಯ ಸದ್ದು, ರಸ್ತೆಯಲ್ಲಿ ಗಂಟೆಯಂತೆ ಕೇಳುವ ಎಲ್ಲವನ್ನೂ ಹುಡುಕಿ ಸೇರಿಸಿದೆ. ಅವರು ಮತ್ತೆ ಅಭ್ಯಾಸಕ್ಕೆ ಕೂತರು. ಎರಡನೇ ಸಲದ ಹದಿನೈದು ದಿನಗಳಲ್ಲಿ ಒಂದು ತಪ್ಪೂ ಆಗಲಿಲ್ಲ. ಎರಡು ಸಲವಂತೂ, ಹೆಂಡತಿ ನೋಡಿರದ ಸೈಕಲನ್ನು ಅವರೇ ಕೇಳಿ ನಿಂತರು.

ಹದಿನಾರನೇ ದಿನ ಆಕೆ ತೋಳು ಬಿಟ್ಟರು.

ನಾನು ಬೂತಿನ ಕಡೆಯ ದಡದಲ್ಲಿದ್ದೆ. ಅವರು ಅಡ್ಡ ತಿರುಗಿ ನಿಂತು, ಗಲ್ಲ ಸ್ವಲ್ಪ ಎತ್ತಿ, ಕಾಯುತ್ತಿದ್ದರು. ಲಾರಿಗಳು ಹೋಗುತ್ತಲೇ ಇದ್ದವು. ನನಗೆ ಗಂಟೆ ಕೇಳಿಸಲಿಲ್ಲ. ಅವರ ತಲೆ ಅಲುಗಿದ್ದು ಕಂಡಿತು. ಆಮೇಲೂ ಮೂರು ಲಾರಿ ಹೋದವು. ಅವರು ಕೋಲನ್ನು ಎದೆಯಷ್ಟು ಎತ್ತರಕ್ಕೆ ಎತ್ತಿ ರಸ್ತೆಗಿಳಿದರು. ಓಡಲಿಲ್ಲ. ನಡುವೆ ಒಂದು ಆಟೋದವನು ತಾನಾಗಿ ನಿಧಾನಿಸಿದ. ಈಚೆ ದಡದ ಕಲ್ಲಿಗೆ ಕೋಲು ತಾಗಿದಾಗ ನಿಂತು, ಒಮ್ಮೆ ಉಸಿರು ಬಿಟ್ಟು, ನನ್ನ ಮುಂದೆಯೇ ಹಾದು ಹೋಗಿ ಬೂತಿನ ಬೀಗ ತೆಗೆದರು. ಆಗಲೇ ಒಬ್ಬ ಗಿರಾಕಿ ಕಾಯುತ್ತಿದ್ದ.

ಹೆಂಡತಿ ಆಮೇಲೆ ದಾಟಿ ಬಂದರು. ಎರಡು ವರ್ಷದಿಂದ ದಿನಕ್ಕೆ ನಾಲ್ಕು ಸಲ ಕೈಯಲ್ಲಿದ್ದ ಕೆಲಸ ಮುಗಿದಿತ್ತು. ಎಲ್ಲಿ ಹೋಗಬೇಕು ಎಂದು ತಿಳಿಯದವರಂತೆ ಚಹಾದಂಗಡಿಯ ಬೆಂಚಿನ ಮೇಲೆ ನನ್ನ ಪಕ್ಕ ಕೂತರು. ಚಹಾ ಬಂತು. ಕುಡಿಯುತ್ತ ನನ್ನ ಚೀಲದ ಕಡೆ ಕೈ ತೋರಿಸಿ, "ಅದ್ರಾಗ ಇವ್ರಿಗೆ ಏನು ಕೇಳಸ್ತೈತಿ, ನಾನೂ ಕೇಳ್ಬಹುದೇನ್ರಿ?" ಎಂದರು.

ಅವರ ಕಿವಿಗೆ ಮೈಕ್ ಇಟ್ಟ ಮೊದಲ ವಾರ, ಆಕೆ ತೋಳು ಹಿಡಿದು ದಾಟಿಸುತ್ತಿದ್ದಾಗಿನ ಒಂದು ಮುದ್ರಣ ಹಾಕಿ ಹೆಡ್‌ಫೋನ್ ಕೊಟ್ಟೆ. ಆಕೆ ಮೊದಲು ಬೆಚ್ಚಿ ಹಿಂದೆ ಸರಿದರು. ಲೋಟ ಬೆಂಚಿನ ಮೇಲಿಟ್ಟು ಎರಡೂ ಕೈಯಿಂದ ಹೆಡ್‌ಫೋನ್ ಒತ್ತಿ ಹಿಡಿದರು. ಪೂರ್ತಿ ಮುಗಿಯುವವರೆಗೂ ಕೇಳಿದರು. ಕಣ್ಣು ಮುಚ್ಚಿಕೊಂಡಿದ್ದರು.

"ಅಷ್ಟೂ ಲಾರೀನ," ಎಂದರು ಕೊನೆಗೆ. ಆಮೇಲೆ ಸ್ವಲ್ಪ ನಾಚಿಕೊಂಡು, "ನಡುವ ನನ್ನ ದನಿ ಐತಿ. ಬರ್ರಿ, ಬರ್ರಿ ಅಂತ. ನಾ ಇಷ್ಟು ಒದರ್ತಿದ್ನೇನ್ರಿ ಇವ್ರ ಕಿವ್ಯಾಗ?"

ಹೌದೆಂದೆ.

ಆಕೆ ಹೆಡ್‌ಫೋನ್ ನನ್ನ ಕೈಗಿಟ್ಟು, ಸೆರಗಿನಿಂದ ಮುಖದ ಧೂಳು ಒರೆಸಿಕೊಂಡು, ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು. ಎದ್ದು ಬೂತಿನವರೆಗೆ ಹೋದರು. ಗಂಡ ಯಾರಿಗೋ ನಂಬರ್ ಹಚ್ಚಿಕೊಡುತ್ತಿದ್ದರು. ಮುಗಿಯುವವರೆಗೂ ಬಾಗಿಲಲ್ಲಿ ಕಾದು, ನನಗೆ ಕೇಳಿಸದಷ್ಟು ಮೆತ್ತಗೆ ಏನೋ ಹೇಳಿ, ಸಂತೆಯ ಕಡೆ ಒಬ್ಬರೇ ನಡೆದು ಹೋದರು.